ನಾಣಿ ತಾರಕ್ಕನಿಂದ ಒಯ್ದದ್ದು

ನಮ್ಮೂರಿನಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಕಾಫಿ ಬಿಟ್ಟರೆ, ಎಲೆ ಅಡಿಕೆ ಬಿಟ್ಟರೆ, ಅಥವಾ ಪಕ್ಕದ ಮನೆಯ ಜಗಳಕ್ಕೆ ಕಿವಿಗೊಡುವುದನ್ನು ಬಿಟ್ಟರೆ, ಮೈ ಹುಷಾರಿಲ್ಲವೇ ಎಂದು ಯಾರೂ ಕೇಳುವುದಿಲ್ಲ. ಯಾರ ಎದುರು ಕೂತಿದ್ರಿ ಎಂದು ಕೇಳುತ್ತಾರೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಹೊರಗಿನವರು ನಮ್ಮೂರಿಗೆ ಬರುವುದೇ ಕಡಿಮೆ. ಬಂದವರೂ ದೋಣಿಗೆ ಕಾಯುವುದರಲ್ಲೇ ಅರ್ಧ ದಿನ ಕಳೆದು ವಾಪಸ್ಸು ಹೋಗುತ್ತಾರೆ. ಹಾಗಾಗಿ ಅವರ ಮಾತನ್ನು ನಾವು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಗುಡ್ಡದ ಮೇಲಿನ ಆಸ್ಪತ್ರೆಗೆ ಬೋರ್ಡಿನಲ್ಲಿ ಒಂದು ಉದ್ದನೆಯ ಹೆಸರಿದೆ. ಊರಿನವರು ಅದನ್ನು ಮೂಗಿನಾಸ್ಪತ್ರೆ ಅನ್ನುತ್ತಾರೆ, ಏಕೆಂದರೆ ಅಲ್ಲಿ ಮದ್ದನ್ನು ಮೂಗಿಗೆ ಊದುತ್ತಾರೆ. ಪುಡಿ, ಮಾತ್ರೆ, ಸೂಜಿ ಇಂಥ ಚಟಕ್ಕೆ ಬಿದ್ದವರು ಹೋಗುವ ಜಾಗ ಅದು. ಡಾಕ್ಟರ್ ಜುಲೇಖಾ ಮೇಡಂ ಬಂದವರಿಗೆಲ್ಲ ಒಂದೇ ಪಾಠ ಹೇಳುತ್ತಾರೆ. ಮಿದುಳಿನ ಸುತ್ತ ಒಂದು ಬಿಗಿ ಬೇಲಿ ಇದೆ, ಮಾಮೂಲಿ ಮದ್ದನ್ನು ಅದು ಒಳಗೆ ಬಿಡುವುದಿಲ್ಲ. ನಮ್ಮ ಕಣ ಬೇಲಿಯ ಸಂದಿಯಲ್ಲಿ ನುಸುಳುವಷ್ಟು ಸಣ್ಣದು. ಮದ್ದನ್ನು ಬೆನ್ನ ಮೇಲೆ ಹೊತ್ತು ಹೋಗಿ, ಚಟ ಎಲ್ಲಿ ಕೂತಿದೆಯೋ ಅಲ್ಲೇ ಇಳಿಸುತ್ತದೆ. ಅದರ ಹೆಸರು ನ್ಯಾನೋ ಕಣ. ಊರಿನ ಬಾಯಿಗೆ ಬಿದ್ದ ಮೇಲೆ ಅದು ನ್ಯಾನೋ ಆಗಿ ಉಳಿಯಲಿಲ್ಲ, ನಾಣಿ ಆಯಿತು. ಈಗ ಮುದುಕಿಯರು ಸಹ ನಾಣಿಯನ್ನು ದೂರದ ನೆಂಟರ ಹುಡುಗನ ಹಾಗೆ ವಿಚಾರಿಸಿಕೊಳ್ಳುತ್ತಾರೆ. ನಾಣಿ ಒಳಗೆ ಹೋದನೇ, ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ ತಾನೇ ಎನ್ನುತ್ತಾರೆ.

ನಾಣಿ ಒಳ್ಳೆಯವನು, ಆದರೆ ಸುಮ್ಮನೆ ಕೂರುವವನಲ್ಲ. ಒಳಗಿನ ಕೆಲಸ ಮುಗಿಸಿ ಉಸಿರಿನ ಜೊತೆ ಹೊರಗೆ ಬರುತ್ತಾನೆ. ಬಂದವನು ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರ ಮೂಗಿಗೆ ಹೊಕ್ಕು, ಅವರಿಗೆ ಯಾವುದನ್ನು ಬಿಟ್ಟು ಇರಲಿಕ್ಕೆ ಆಗುವುದಿಲ್ಲವೋ ಆ ಒಂದನ್ನು ಎತ್ತಿಕೊಂಡು ಹೋಗುತ್ತಾನೆ. ಕಾಫಿ ಹೋಟೆಲಿನ ಸಾಂಬಯ್ಯನವರು ಅಳಿಯನ ಎದುರು ಕೂತು ಎದ್ದ ಮೇಲೆ ಕಾಫಿಯ ಆಸೆಯನ್ನೇ ಕಳೆದುಕೊಂಡರು. ಈಗ ಗಿರಾಕಿಯ ಮುಖ ನೋಡಿ ಡಿಕಾಕ್ಷನ್ ಹದ ಮಾಡುತ್ತಾರೆ. ಕಾಫಿ ಮೊದಲಿಗಿಂತ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪುತ್ತಾರೆ. ನಮ್ಮ ಬೀದಿಯ ನಾಗಲಮ್ಮನವರದು ಮಾತ್ರ ಊರಿಗೇ ಕಷ್ಟವಾಯಿತು. ತಂಗಿ ಮಗನ ಎದುರು ಕೂತು ಬಂದ ಮೇಲೆ ಅವರಿಗೆ ಬೇರೆಯವರ ಮನೆ ವಿಷಯದಲ್ಲಿ ಆಸಕ್ತಿಯೇ ಇಲ್ಲವಾಯಿತು. ಯಾರ ಮನೆಯಲ್ಲಿ ಬಾಣಂತನ, ಯಾರ ಮನೆಯಲ್ಲಿ ಮುನಿಸು, ಬೀದಿಯಲ್ಲಿ ಯಾರಿಗೂ ಏನೂ ತಿಳಿಯದಂತಾಗಿ, ಕೊನೆಗೆ ಹೆಂಗಸರೆಲ್ಲ ಸರದಿಯ ಮೇಲೆ ಹೋಗಿ ಅವರ ಮುಂದೆ ಚಾಡಿ ಹೇಳಿ ಹೇಳಿ, ಮತ್ತೆ ರುಚಿ ಹತ್ತಿಸಿದರು.

ಯಾರೂ ಎದುರು ಕೂರದೆ ಇದ್ದರೆ ಆಯಿತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ನಾಣಿ ಒಳಗೆ ಕೆಲಸ ಮಾಡುವಾಗ ಮನುಷ್ಯನಿಗೆ ಎದೆಯೊಳಗೆ ಬಾವಿ ತೋಡಿದ ಹಾಗಾಗುತ್ತದೆ, ಎದ್ದು ಓಡಿಹೋಗೋಣ ಅನ್ನಿಸುತ್ತದೆ. ಆಗ ಎದುರಿಗೆ ತನ್ನವರೊಬ್ಬರು ಕೂತಿರಬೇಕು. ತನ್ನವರು ಅಂದರೆ ಒಂದೇ ಮಡಕೆಯ ಅನ್ನ ಉಂಡವರು. ಇದು ಜುಲೇಖಾ ಮೇಡಂ ಅವರ ಕಟ್ಟುನಿಟ್ಟು. ಎದುರು ಕೂರುವವರು ಬಾರದಿದ್ದರೆ ಅವರು ಊದುಗೊಳವೆಯನ್ನು ಮುಟ್ಟುವುದೇ ಇಲ್ಲ.

ನನ್ನ ಮಡಕೆಯ ಅನ್ನ ಉಣ್ಣುವವಳು ಪ್ರಪಂಚದಲ್ಲಿ ಒಬ್ಬಳೇ, ನನ್ನ ಅಕ್ಕ ತಾರಾಮಣಿ. ಭಾವ ತೀರಿಕೊಂಡ ಮೇಲೆ ಹಿಟ್ಟಿನ ಮಿಲ್ಲು ಅವಳ ಕೈಗೆ ಬಂತು. ಮಿಲ್ಲಿನ ಹಿಂದಿನ ಮನೆಯಲ್ಲಿ ನಾವಿಬ್ಬರೇ. ನನ್ನದು ಮೈಕ್‌ಸೆಟ್. ಮದುವೆ, ನಾಮಕರಣ, ಚುನಾವಣೆ, ಏನೇ ಇದ್ದರೂ ಮರ ಹತ್ತಿ ಹಾರ್ನು ಕಟ್ಟಿ 'ಹಲೋ ಹಲೋ ಮೈಕ್ ಟೆಸ್ಟಿಂಗ್' ಅನ್ನುವವನು ನಾನೇ, ಮುಕುಂದ. ಒಂದು ಸಲ ಅರಳಿ ಮರದಿಂದ ಹಾರ್ನಿನ ಸಮೇತ ಕೆಳಗೆ ಬಿದ್ದೆ. ಹಾರ್ನಿಗೆ ಏನೂ ಆಗಲಿಲ್ಲ, ನನ್ನ ಬೆನ್ನು ಹೋಯಿತು. ನೋವಿಗೆ ಮಾತ್ರೆ ಬಂತು, ನೋವು ಹೋದ ಮೇಲೂ ಮಾತ್ರೆ ಹೋಗಲಿಲ್ಲ, ಮಾತ್ರೆ ಸಾಲದಾದಾಗ ಪುಡಿ ಬಂತು. ಇದನ್ನು ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ. ಆ ವರ್ಷಗಳಲ್ಲಿ ನಾನು ಮನುಷ್ಯನಾಗಿರಲಿಲ್ಲ, ಅಷ್ಟು ಹೇಳಿದರೆ ಸಾಕು.

ಹಿಟ್ಟಿನ ಮನೆಯಲ್ಲಿ ಪುಡಿ ಬಚ್ಚಿಡುವುದು ಸುಲಭ ಎಂದು ನಾನು ಅಂದುಕೊಂಡಿದ್ದೆ. ಅಕ್ಕನ ಬೆರಳಿನ ವಿಷಯ ಮರೆತಿದ್ದೆ. ಕಣ್ಣು ಮುಚ್ಚಿಕೊಂಡು ಎರಡು ಬೆರಳ ನಡುವೆ ಹೊಸಕಿ ಇದು ರಾಗಿ, ಇದು ಜೋಳ, ಇದು ಎರಡು ಸಲ ಬೀಸಿದ ಅಕ್ಕಿ ಎಂದು ಹೇಳುವವಳು ಅವಳು. ಮೊದಲ ಸಲ ಸಿಕ್ಕಿಬಿದ್ದ ದಿನದಿಂದ ಹೊಸ್ತಿಲಲ್ಲಿ ತಪಾಸಣೆ ಶುರುವಾಯಿತು. ನಾನು ಎಲ್ಲಿಗೆ ಹೋಗಿ ಬಂದರೂ ಬಾಗಿಲಲ್ಲಿ ನಿಂತು ಎರಡೂ ಕೈ ಮೇಲಕ್ಕೆತ್ತಬೇಕು. ಅವಳು ಅಂಗಿ ಜೇಬು, ಪ್ಯಾಂಟಿನ ಜೇಬು, ಕಾಲರಿನ ಒಳಗು, ಮಡಿಸಿದ ತೋಳು ಎಲ್ಲ ತಡವಿ, ಚಪ್ಪಲಿ ಮಗುಚಿ ನೋಡಿ, ತಲೆಗೂದಲು ಮೂಸಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣು ನೋಡಿ, ಆಮೇಲೆ ಒಳಗೆ ಬಿಡುತ್ತಿದ್ದಳು. ಪಕ್ಕದ ಮನೆಗೆ ಕರಿಬೇವು ತರಲು ಹೋಗಿ ಬಂದರೂ ಅದೇ. ಮಿಲ್ಲಿನಲ್ಲಿ ಎಷ್ಟೇ ಜನ ಕಾಯುತ್ತಿದ್ದರೂ ನಾನು ಬಂದ ಸದ್ದಾದರೆ ಮಿಷನ್ನು ನಿಲ್ಲಿಸಿ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಬರುತ್ತಿದ್ದಳು. ನನ್ನ ಅಂಗಿಗಳೆಲ್ಲದರ ಮೇಲೂ ಅವಳ ಬಿಳಿ ಬೆರಳಿನ ಗುರುತು ಇರುತ್ತಿತ್ತು. ಊರಿನವರು ಅದನ್ನು ನೋಡಿ ತಪಾಸಣೆ ಆಯ್ತಾ ಎಂದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಬೇರೆ ಏನು ಮಾಡಲಿ.

ಇಂಥ ಅಕ್ಕನಿಗೆ ಒಂದೇ ಒಂದು ಖುಷಿ ಎಂದರೆ ಚೌಕಾಬಾರ. ಅಂಗೈಯಲ್ಲಿ ಕವಡೆ ಕುಲುಕುವಾಗ ಅವಳ ಮುಖ ಹದಿನಾರರ ಹುಡುಗಿಯದಾಗುತ್ತಿತ್ತು. ಬಾರಾ ಬೇಕೆಂದರೆ ಬಾರಾ ಬೀಳುತ್ತದೆ, ಚೌಕ ಬೇಕೆಂದರೆ ಚೌಕ ಬೀಳುತ್ತದೆ ಎಂದು ಜನ ಹೇಳುತ್ತಿದ್ದರು. ಹಾಗೇನೂ ಇಲ್ಲ, ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕು ಎನ್ನುವುದು ಅವಳಿಗೆ ಗೊತ್ತಿತ್ತು, ಅಷ್ಟೇ. ನಮ್ಮೂರಿಗೂ ಆಚೆ ದಡದ ಊರಿಗೂ ಸೇರಿ ಇರುವುದು ಒಂದೇ ದೋಣಿ. ಪ್ರತಿ ವರ್ಷ ಯುಗಾದಿಯ ಮಾರನೇ ದಿನ, ವರ್ಷತೊಡಕಿನಂದು, ಹೊಳೆ ನಡುವಿನ ದಿಬ್ಬದ ಮೇಲೆ ಎರಡೂ ಊರಿನವರು ಸೇರಿ ಚೌಕಾಬಾರ ಆಡುತ್ತಾರೆ. ಗೆದ್ದ ಊರಿನ ದಡದಲ್ಲಿ ದೋಣಿ ಒಂದು ವರ್ಷ ನಿಲ್ಲುತ್ತದೆ. ಸೋತವರು ಆಚೆ ದಡದಿಂದ ಕೂಗಿ ಕೂಗಿ ಕರೆದು, ಅಂಬಿಗನ ಊಟವಾಗಿ, ನಿದ್ದೆಯಾಗಿ, ಅವನಿಗೆ ಮನಸ್ಸು ಬರುವ ತನಕ ಕಾಯಬೇಕು. ಅಕ್ಕ ಆಡಲು ಶುರುಮಾಡಿದ ಮೇಲೆ ನಮ್ಮೂರಿನವರು ಕೂಗುವುದನ್ನೇ ಮರೆತಿದ್ದರು.

ಶಿವರಾತ್ರಿ ಕಳೆದ ಮೇಲೆ ನನಗೆ ಮೂಗಿನಾಸ್ಪತ್ರೆಯಲ್ಲಿ ಸರದಿ ಬಂತು. ಯುಗಾದಿಯ ಹೊತ್ತಿಗೆ ಊದುವುದು ಮುಗಿಯುತ್ತದೆ ಎಂದರು ಮೇಡಂ. ಎದುರು ಕೂರುವವರು ಯಾರು ಎಂದು ಕೇಳಿದರು. ನಾನೇ, ಇನ್ಯಾರು ಎಂದಳು ಅಕ್ಕ. ಈ ಸುದ್ದಿ ನಾವು ಗುಡ್ಡ ಇಳಿಯುವ ಮೊದಲೇ ಊರಿಗೆ ತಲುಪಿತು. ನಾಗಲಮ್ಮನವರು ಪೂರ್ತಿ ಗುಣವಾಗಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸಂಜೆಗೆ ನಮ್ಮ ಮಿಲ್ಲಿನ ಮುಂದೆ ಜಾತ್ರೆ. ತಾರಕ್ಕ ಎದುರು ಕೂತರೆ ನಾಣಿ ಚೌಕಾಬಾರವನ್ನೇ ಎತ್ತಿಕೊಂಡು ಹೋಗುತ್ತಾನೆ, ದೋಣಿ ಆಚೆ ದಡಕ್ಕೆ ಹೋಗುತ್ತದೆ, ಮಕ್ಕಳು ಮರಿ ಹೊಳೆಯ ದಡದಲ್ಲಿ ಗಂಟಲು ಹರಿದುಕೊಳ್ಳಬೇಕಾಗುತ್ತದೆ ಎಂದು ಎಲ್ಲರ ದುಃಖ. ಮುಕುಂದನಿಗೆ ಗುಣವಾಗಬಾರದು ಎಂದು ಯಾರೂ ಹೇಳಲಿಲ್ಲ, ಅಷ್ಟರ ಮಟ್ಟಿಗೆ ಅವರೆಲ್ಲ ದೊಡ್ಡವರು. ವರ್ಷತೊಡಕು ಕಳೆದ ಮೇಲೆ ಗುಣವಾದರೆ ಸಾಲದೇ ಎಂದರು. ಆದರೆ ಸರದಿ ತಪ್ಪಿದರೆ ಮುಂದಿನ ಸರದಿ ಯಾವಾಗಲೋ, ಅಲ್ಲಿಯ ತನಕ ನಾನು ಇರುತ್ತೇನೋ ಇಲ್ಲವೋ ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಗ ಸಾಂಬಯ್ಯನವರು ಎದ್ದು, ಹೇಗೂ ತನ್ನದು ಹೋಗಬೇಕಾದ್ದು ಹೋಗಿಯಾಗಿದೆ, ತಾನೇ ಎದುರು ಕೂರುತ್ತೇನೆ ಎಂದರು. ಒಂದೇ ಮಡಕೆಯ ಅನ್ನ ಬೇಕಲ್ಲ ಎಂದು ಯಾರೋ ನೆನಪಿಸಿದರು. ಅದಕ್ಕೇನು, ಉಂಡರಾಯಿತು ಎಂದು ಸಾಂಬಯ್ಯನವರು ನಮ್ಮ ಅಡುಗೆಮನೆಗೇ ನಡೆದರು. ಅವರ ಹಿಂದೆ ಇನ್ನಷ್ಟು ಜನ ಬಂದರು. ಅವತ್ತು ನಮ್ಮ ಮನೆಯಲ್ಲಿ ಅರ್ಧ ಬೀದಿ ಊಟ ಮಾಡಿತು, ಅಕ್ಕ ಮೂರು ಸಲ ಅನ್ನಕ್ಕಿಟ್ಟಳು, ನನಗೆ ಉಳಿದದ್ದು ತಳ ಹತ್ತಿದ ಸೀಕು.

ಮಾರನೇ ದಿನ ಆ ಜನವೆಲ್ಲ ಗುಡ್ಡ ಹತ್ತಿ ಹೋಗಿ ನಾವೂ ಮುಕುಂದನ ಮಡಕೆಯವರು ಎಂದರಂತೆ. ಜುಲೇಖಾ ಮೇಡಂ ಒಬ್ಬೊಬ್ಬರನ್ನೂ ಕರೆದು, ಮುಕುಂದನಿಗೆ ಸಾರಿನಲ್ಲಿ ಏನು ಸೇರುವುದಿಲ್ಲ, ನಿದ್ದೆಯಲ್ಲಿ ಯಾವ ಮಗ್ಗುಲಿಗೆ ತಿರುಗುತ್ತಾನೆ, ಯಾವ ಮಾತಿಗೆ ಅವನಿಗೆ ಕಣ್ಣೀರು ಬರುತ್ತದೆ ಎಂದು ಕೇಳಿದರಂತೆ. ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ಊಟಕ್ಕೆ ಮಡಕೆ ಒಂದಾಗುವುದಿಲ್ಲ ಎಂದು ಮೇಡಂ ಎಲ್ಲರಿಗೂ ನೀರು ಕೊಟ್ಟು ಕಳಿಸಿದರು.

ನನಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಅಕ್ಕನ ಜೀವನದಲ್ಲಿ ನಾನು ಹಾಳುಮಾಡದೆ ಉಳಿಸಿದ್ದು ಅದೊಂದು ಆಟ. ಅದನ್ನೂ ನನ್ನ ಉಸಿರು ತಿನ್ನುವುದಾದರೆ ಈ ಮದ್ದೇ ಬೇಡ, ನಾನೇ ಹೇಗೋ ಬಿಡುತ್ತೇನೆ ಎಂದೆ. ಆ ಮಾತನ್ನು ನಾನು ಹಿಂದೆಯೂ ಎಷ್ಟೋ ಸಲ ಹೇಳಿದ್ದೆ. ಅಕ್ಕ ಕವಡೆಗಳನ್ನು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

"ಕವಡೆ ಆಸೆ ಹೋದ್ರೆ ಹೋಗ್ಲಿ ಕಣೋ. ಇನ್ನೇನಾದ್ರೂ ಹಿಡ್ಕೋತೀನಿ, ಕಸೂತಿ ಹಾಕೋದೋ, ಹಾಡು ಕಲಿಯೋದೋ. ನೀನು ಹೋದ್ರೆ ನಿನ್ನ ಬದಲು ಏನು ಹಿಡ್ಕೊಳ್ಳಲಿ?"

"ಊರಿನೋರು ಬೈಕೋತಾರೆ ಅಕ್ಕ."

"ಬೈಕೊಳ್ಳಲಿ. ಕೂಗಿ ಅಭ್ಯಾಸ ಆಗುತ್ತೆ," ಎಂದಳು.

ಹೀಗೆ ಊದುವುದು ಶುರುವಾಯಿತು. ಆಸ್ಪತ್ರೆಯ ಪಡಸಾಲೆಯಲ್ಲಿ ಎರಡು ಗಿಡ್ಡ ಸ್ಟೂಲು, ಮೊಣಕಾಲಿಗೆ ಮೊಣಕಾಲು. ಮೇಡಂ ನನ್ನ ಮೂಗಿಗೆ ಊದಿ, ನಿಮ್ಮ ನಾಣಿ ಹೊರಟ ಎಂದು ಹೇಳಿ ಹೋಗುತ್ತಿದ್ದರು. ಅವರಿಗೂ ನಮ್ಮೂರಿನ ಭಾಷೆ ಅಂಟಿಕೊಂಡಿತ್ತು. ಅಕ್ಕ ಮೊದಲ ದಿನ, ಈ ನಾಣಿ ಎಷ್ಟು ಸಣ್ಣ, ಮೈದಾಗಿಂತಲೂ ಸಣ್ಣವನೇ ಎಂದು ವಿಚಾರಿಸಿದಳು. ಮೈದಾದ ಒಂದು ಕಣದೊಳಗೆ ನಾಣಿಯ ವಂಶವೆಲ್ಲ ಸಂಸಾರ ಹೂಡಬಹುದು ಎಂದರು ಮೇಡಂ. ಅಷ್ಟು ನುಣ್ಣಗೆ ಬೀಸುವ ಮಿಷನ್ನು ಯಾವುದು ಎಂದು ಅಕ್ಕನಿಗೆ ಇವತ್ತಿಗೂ ಕುತೂಹಲವಿದೆ.

ನಾಣಿ ಒಳಗೆ ಇಳಿದಾಗ ಆಗುವುದನ್ನು ನಾನು ಬಣ್ಣಿಸಿ ಹೇಳಲಾರೆ. ಬೆವರು ಬರುತ್ತಿತ್ತು, ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು. ಅಕ್ಕ ನನ್ನ ಮೊಣಕಾಲುಗಳನ್ನು ತನ್ನ ಮೊಣಕಾಲುಗಳ ನಡುವೆ ಇಕ್ಕಳದ ಹಾಗೆ ಹಿಡಿದು, ಮಡಿಲಲ್ಲಿ ಮಣೆ ಇಟ್ಟು, ಗರ ಹಾಕು ಅನ್ನುತ್ತಿದ್ದಳು. ನಾನು ನಡುಗುವ ಕೈಯಲ್ಲಿ ಕವಡೆ ಎಸೆಯುತ್ತಿದ್ದೆ, ಅವು ಮಣೆಯ ಮೇಲೆ ಬಿದ್ದದ್ದಕ್ಕಿಂತ ನೆಲದ ಮೇಲೆ ಬಿದ್ದದ್ದೇ ಹೆಚ್ಚು. ಬಾಗಿ ಎತ್ತಿಕೊಟ್ಟು ಮತ್ತೆ ಹಾಕು ಅನ್ನುತ್ತಿದ್ದಳು. ನಾನು ಒಂದು ಕಣ್ಣಲ್ಲಿ ಕಾಯಿ ನೋಡುತ್ತಾ ಇನ್ನೊಂದು ಕಣ್ಣಲ್ಲಿ ಅವಳ ಮುಖ ನೋಡುತ್ತಿದ್ದೆ. ಅವಳಿಗೆ ಬೇಸರ ಬಂತೇ, ಗರ ಬಿದ್ದರೂ ಕಾಯಿ ನಡೆಸಲು ತಡಮಾಡಿದಳೇ, ಆಕಳಿಸಿದಳೇ? ಒಂದು ದಿನ ಆಕಳಿಸಿದಳು. ನನ್ನ ಜೀವವೇ ಹೋದಂತಾಯಿತು. ಬೆಳಗಿನ ಜಾವ ಎದ್ದು ಒಂದು ಮದುವೆ ಮನೆಯ ಅಕ್ಕಿ ಬೀಸಿದ್ದಳಂತೆ, ಅದಕ್ಕೆ.

ಊರಿನಲ್ಲೂ ಅದೇ ಕಾವಲು. ಅವಳು ಮಿಲ್ಲಿನಲ್ಲಿ ಕೂತಿದ್ದಾಗ ಯಾರಾದರೂ ಸುಮ್ಮನೆ ಬಂದು ಪಕ್ಕದಲ್ಲಿ ಕವಡೆ ಕುಲುಕಿ ಅವಳು ತಿರುಗಿ ನೋಡುತ್ತಾಳೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು. ಅವಳು ತಿರುಗಿದರೆ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ದಿನವೂ ಸಂಜೆ ನಾವಿಬ್ಬರೂ ಒಟ್ಟಿಗೇ ಗುಡ್ಡ ಇಳಿದು ಬರುತ್ತಿದ್ದೆವು, ದಾರಿಯುದ್ದಕ್ಕೂ ನಾನು ಅವಳ ಕಣ್ಣೆದುರೇ ಇರುತ್ತಿದ್ದೆ. ಆದರೂ ಹೊಸ್ತಿಲಿಗೆ ಬಂದ ಕೂಡಲೇ ಅವಳು ಮುಂದೆ ಹೋಗಿ ತಿರುಗಿ ನಿಲ್ಲುತ್ತಿದ್ದಳು, ನಾನು ಕೈ ಎತ್ತುತ್ತಿದ್ದೆ.

ಎದುರು ಕೂತವರದು ಏನು ಹೋಯಿತು ಎನ್ನುವುದು ಕೊನೆಯ ಊದು ಮುಗಿದ ಮೇಲೆ ಗೊತ್ತಾಗುತ್ತದೆ ಎಂದಿದ್ದರು ಮೇಡಂ. ಕೊನೆಯ ಊದಾದ ಮೇಲೆ ನನಗೆ ನಾಣಿಜ್ವರ ಬಂತು. ಅದು ಎಲ್ಲರಿಗೂ ಬರುತ್ತದೆ. ಹಬ್ಬದ ದಿನವೂ ಚಾಪೆ ಬಿಟ್ಟು ಏಳಲಿಲ್ಲ, ಬೇವು ಬೆಲ್ಲವನ್ನು ಅಕ್ಕ ಮಲಗಿದಲ್ಲೇ ಬಾಯಿಗೆ ಹಾಕಿದಳು. ವರ್ಷತೊಡಕಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಅಕ್ಕನನ್ನು ಹೆಂಗಸರು ಮುಂಚೆಯೇ ಮೆರವಣಿಗೆಯಲ್ಲಿ ಕರೆದುಕೊಂಡು ಹೋಗಿದ್ದರು. ನಾನು ಎಷ್ಟೋ ಕಾಲದ ಮೇಲೆ ಅಟ್ಟದಿಂದ ಹಾರ್ನು ಇಳಿಸಿ, ಧೂಳು ಹೊಡೆದು, ಹೆಗಲ ಮೇಲಿಟ್ಟುಕೊಂಡು ದಿಬ್ಬಕ್ಕೆ ಹೋದೆ.

ದಿಬ್ಬದ ಮೇಲೆ ನನ್ನ ವಿಷಯದಲ್ಲೇ ವ್ಯಾಜ್ಯ ನಡೆದಿತ್ತು. ನನ್ನ ಉಸಿರಿನಲ್ಲಿ ಇನ್ನೂ ನಾಣಿ ಇರಬಹುದೆಂದು ಆಚೆ ದಡದವರು, ಅವನು ಅಕ್ಕನ ಪಕ್ಕದಲ್ಲೇ ಕೂತು ಮೈಕು ಹಿಡಿಯಲಿ ಎಂದರು. ನಮ್ಮವರು, ಅವನು ನಿಮ್ಮ ಸಂಕಮ್ಮಜ್ಜಿಯ ಪಕ್ಕದಲ್ಲಿ ಕೂರಲಿ, ವಯಸ್ಸಾದವರಿಗೆ ಆಸರೆ ಎಂದರು. ಸಂಕಮ್ಮಜ್ಜಿ ಆಚೆ ದಡದ ಆಟಗಾರ್ತಿ, ಹಲ್ಲಿಲ್ಲದ ಬಾಯಲ್ಲಿ ಕವಡೆಗೆ ಉಫ್ ಎಂದು ಊದಿ ಗರ ಹಾಕುವ ಗಟ್ಟಿಗಿತ್ತಿ. ನಾಣಿ ಮೈಕಿನ ವೈರಿನಲ್ಲೂ ಹೋಗಬಹುದೇ ಎಂದು ಯಾರೋ ಸಂಶಯ ಎತ್ತಿದರು. ಕೊನೆಗೆ ಮೈಕಿಗೆ ಒದ್ದೆ ಬಟ್ಟೆ ಸುತ್ತಿ, ನನ್ನನ್ನು ಮೈಕಿನ ಸಮೇತ ಹುಣಸೆ ಮರ ಹತ್ತಿಸುವುದು ಎಂದು ತೀರ್ಮಾನವಾಯಿತು. ಬೆನ್ನು ಮುರಿದುಕೊಂಡವನನ್ನು ಮರ ಹತ್ತಿಸುತ್ತೀರಲ್ಲ ಎಂದು ಅಕ್ಕ ಗದರಿದಳು. ನಾನು ಹತ್ತಿದೆ. ಎಷ್ಟೋ ವರ್ಷಗಳ ಮೇಲೆ ಮರದ ತೊಗಟೆ ಅಂಗೈಗೆ ತಾಗಿ ನನಗೆ ಬಹಳ ಸಂತೋಷವಾಯಿತು.

ಹಾರ್ನು ಕಟ್ಟಿ ಹಲೋ ಎಂದರೆ ನೆಗಡಿಯಾದವನ ದನಿ ಬಂತು. ಹಾರ್ನಿನ ಹಿಂಬದಿಯ ಯೂನಿಟ್ ಬಿಚ್ಚಿ ನೋಡಿದೆ. ಹಾರ್ನಿನ ಗಂಟಲಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿಕೊಂಡಿತ್ತು. ಯಾವ ಕಾಲದಲ್ಲೋ ನಾನೇ ತುರುಕಿ ಮರೆತದ್ದು. ಮೈಯೊಳಗಿನ ಹಳೆಯ ಜಗ್ಗಾಟ ಶುರುವಾಗುತ್ತದೆ ಎಂದು ಕೊಂಬೆ ಹಿಡಿದುಕೊಂಡು ಕಾದೆ. ಶುರುವಾಗಲಿಲ್ಲ. ಹಳೆಯ ಅಂಗಿಯಲ್ಲಿ ಎಂದೋ ನೋಡಿದ ಸಿನಿಮಾದ ಟಿಕೆಟ್ಟು ಸಿಕ್ಕಿದ ಹಾಗೆ ಇತ್ತು, ಅಷ್ಟೇ. ಆದರೂ ನನಗೆ ನಾಣಿಯ ಮೇಲೆ ಇದ್ದ ನಂಬಿಕೆ ನನ್ನ ಮೇಲೆ ಇರಲಿಲ್ಲ. ಇವತ್ತು ಹೀಗಿದೆ, ನಾಳೆ ಹೇಗೋ. ಕೆಳಗೆ ಎಸೆಯೋಣವೆಂದರೆ ಎರಡೂ ಊರಿನ ಮಕ್ಕಳು ಮರದ ಬುಡದಲ್ಲೇ ಆಡುತ್ತಿದ್ದವು, ನನ್ನ ಕೈಯಲ್ಲಿ ಪೊಟ್ಟಣ ಕಂಡರೆ ಸಾಕು, ಮುಕುಂದ ಮತ್ತೆ ಶುರು ಮಾಡಿದ ಎಂದು ಹೊಳೆಯ ಎರಡೂ ದಡಕ್ಕೆ ಸುದ್ದಿ. ಜೇಬಿಗೆ ಹಾಕಿಕೊಂಡೆ. ಸಂಜೆ ಹೊಸ್ತಿಲಲ್ಲಿ ಹೇಗೂ ಅಕ್ಕನ ಬೆರಳಿಗೆ ಸಿಗುತ್ತದೆ. ಎರಡೇಟು ಬೀಳುತ್ತದೆ, ಆಮೇಲೆ ನಡೆದದ್ದು ಹೇಳುತ್ತೇನೆ, ಆಮೇಲೆ ಅದನ್ನು ಅವಳೇ ಏನು ಮಾಡಬೇಕೋ ಮಾಡುತ್ತಾಳೆ. ಹೀಗೆ ಅಂದುಕೊಂಡ ಮೇಲೆ ನನಗೆ ನಿರಾಳವಾಯಿತು.

ಆಟ ಶುರುವಾಯಿತು. ಮೊದಮೊದಲು ಅಕ್ಕನಿಗೆ ಗರವೇ ಬೀಳಲಿಲ್ಲ. ಅಜ್ಜಿ ಕಟ್ಟೆಯಿಂದ ಕಟ್ಟೆಗೆ ಹಾರಿ, ಅಕ್ಕನ ಎರಡು ಕಾಯಿ ಕಡಿದು ಮನೆಗೆ ಕಳಿಸಿದಳು. ನಮ್ಮೂರಿನವರ ಮುಖ ಸಪ್ಪಗಾಯಿತು, ನಾಣಿ ಒಯ್ದೇಬಿಟ್ಟ ಎಂದು ಸಾಂಬಯ್ಯನವರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಮರದ ಮೇಲಿಂದ ಗರ ಕೂಗುತ್ತಾ ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಬೇಸರವಿರಲಿಲ್ಲ. ಹದಿನಾರರ ಹುಡುಗಿ ಅಲ್ಲೇ ಕೂತಿದ್ದಳು. ಅಷ್ಟೇ ಅಲ್ಲ, ಬೇರೆ ವರ್ಷ ಆಟದ ನಡುವೆ ಹತ್ತು ಸಲ ತಲೆ ಎತ್ತಿ ನಾನು ಎಲ್ಲಿದ್ದೇನೆ, ಯಾರ ಜೊತೆ ನಿಂತಿದ್ದೇನೆ ಎಂದು ಹುಡುಕುತ್ತಿದ್ದವಳು ಈ ಸಲ ಒಂದು ಸಲವೂ ತಲೆ ಎತ್ತಿರಲಿಲ್ಲ. ಮರದ ಮೇಲಿದ್ದೇನೆ, ಎಲ್ಲಿಗೆ ಹೋದೇನು ಎಂದಿರಬೇಕು ಅಂದುಕೊಂಡೆ.

ಅಜ್ಜಿಯ ಮೂರು ಕಾಯಿ ಹಣ್ಣಾಗಿ, ಕೊನೆಯದು ನಡುಮನೆಯ ಹತ್ತಿರ ಬಂದು ನಿಂತಿತ್ತು, ಇನ್ನೊಂದು ಸಣ್ಣ ಗರ ಬಿದ್ದರೆ ಮುಗಿಯಿತು. ಅಕ್ಕ ಕವಡೆ ಕುಲುಕಿದಳು. ಬಾರಾ ಬಿತ್ತು. ಮತ್ತೆ ಹಾಕಿದಳು, ಚೌಕ. ಮತ್ತೆ ಹಾಕಿದಳು, ಎರಡು. ನಾನು 'ಎರಡು' ಎಂದು ಕೂಗುವಷ್ಟರಲ್ಲಿ ಅವಳ ಕಾಯಿ ಅಜ್ಜಿಯ ಕಾಯಿಯ ಮೇಲೆ ಕೂತು ಅದನ್ನು ಎತ್ತಿ ಮನೆಗೆ ಕಳಿಸಿತ್ತು. ಅಲ್ಲಿಂದ ಮುಂದೆ ಅಜ್ಜಿ ಎಷ್ಟು ಊದಿದರೂ ಆಟ ಅವಳ ಕೈಗೆ ಮರಳಲಿಲ್ಲ. ನಮ್ಮ ದೋಣಿ ನಮ್ಮ ದಡದಲ್ಲೇ ಉಳಿಯಿತು. ಅಜ್ಜಿ ಅಕ್ಕನ ಕೆನ್ನೆ ಹಿಂಡಿ, ಮುಂದಿನ ವರ್ಷ ನನ್ನ ಮೊಮ್ಮಗನಿಗೂ ಪುಡಿ ಕಲಿಸಿ ಅವನೆದುರು ನಿನ್ನ ಕೂರಿಸ್ತೀನಿ ನೋಡು ಎಂದು ಹೆದರಿಸಿ ಹೋದಳು.

ವಾಪಸ್ಸು ಬರುವಾಗ ದೋಣಿಯ ತುಂಬ ಅದೇ ಚರ್ಚೆ. ಹಾಗಾದರೆ ನಾಣಿ ಏನು ಒಯ್ದ? ಅಕ್ಕ ಕಾಫಿ ಕುಡಿದಳು, ಎಲೆ ಅಡಿಕೆ ಹಾಕಿಕೊಂಡಳು, ಸಾಂಬಯ್ಯನವರನ್ನು ಮೊದಲಿನಂತೆಯೇ ರೇಗಿಸಿದಳು. ಏನೂ ಕಳೆದ ಹಾಗಿರಲಿಲ್ಲ. ತಾರಕ್ಕನಿಗೆ ಹೆದರಿ ನಾಣಿ ಬರಿಗೈಲಿ ಓಡಿಹೋದ ಎಂದು ನಾಗಲಮ್ಮನವರು ಹೇಳಿದರು. ಇವತ್ತಿಗೂ ಊರು ಅದನ್ನೇ ನಂಬಿದೆ.

ಮನೆಗೆ ಬರುವ ಹೊತ್ತಿಗೆ ಇನ್ನೂ ಬೆಳಕಿತ್ತು. ನಾನು ಹಾರ್ನನ್ನು ಜಗಲಿಯ ಮೇಲಿಟ್ಟು, ಹೊಸ್ತಿಲಲ್ಲಿ ನಿಂತು, ಎರಡೂ ಕೈ ಮೇಲಕ್ಕೆತ್ತಿ, ಕಣ್ಣು ಮುಚ್ಚಿಕೊಂಡೆ. ಜೇಬಿನ ಪೊಟ್ಟಣ ಎದೆಗೆ ಒತ್ತುತ್ತಿತ್ತು. ಹಿಂದಿನಿಂದ ಅಕ್ಕ ಬಂದಳು. ಕೊರಳಲ್ಲಿ ಹಾರ, ಕಂಕುಳಲ್ಲಿ ಬಾಳೆಗೊನೆ. ನನ್ನ ಎತ್ತಿದ ತೋಳಿನ ಕೆಳಗೆ ಬಗ್ಗಿ ನುಸುಳಿಕೊಂಡು ಒಳಗೆ ಹೋದಳು.

ನಾನು ಹಾಗೇ ನಿಂತಿದ್ದೆ. ಒಳಗಿನಿಂದ ತಿರುಗಿ ನೋಡಿದಳು.

"ಏನೋ ಅದು, ಬಾಗಿಲಿಗೆ ಅಡ್ಡ ನಿಂತಿದ್ದೀಯ? ನಿನ್ನ ಮೇಲೆ ಬಟ್ಟೆ ಒಣಗಿ ಹಾಕಬೇಕಾ?"

"ಅಕ್ಕ, ಜೇಬು," ಎಂದೆ.

"ಜೇಬಿಗೇನಾಯ್ತು? ಹರೀತಾ? ಅಂಗಿ ಬಿಚ್ಚಿ ಕೊಡು, ಹೊಲಿದು ಕೊಡ್ತೀನಿ. ಮರ ಹತ್ತಿದ್ರೆ ಹರಿಯದೆ ಇನ್ನೇನು," ಎಂದು ಹೇಳಿ ಸೂಜಿ ದಾರ ಹುಡುಕಲು ಹೋದಳು. ಅವಳ ದನಿಯಲ್ಲಿ ಯಾವ ನಾಟಕವೂ ಇರಲಿಲ್ಲ. ಅವಳಿಗೆ ತಪಾಸಣೆ ನಿಜವಾಗಿಯೂ ನೆನಪಿಗೆ ಬರಲಿಲ್ಲ.

ಎತ್ತಿದ ಕೈ ಇಳಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಊರೆಲ್ಲ ಕವಡೆಯ ಡಬ್ಬಿಯನ್ನು ಕಾಯುತ್ತಾ ಕೂತಿತ್ತು, ನಾನೂ ಅವರ ಜೊತೆ ಕಾಯುತ್ತಾ ಕೂತಿದ್ದೆ. ಅಕ್ಕ ಯಾವುದನ್ನು ಬಿಟ್ಟು ಇರಲಾರಳು ಎನ್ನುವುದು ದಿನಾ ನನ್ನ ಅಂಗಿಯ ಮೇಲೆ ಹಿಟ್ಟಿನಲ್ಲಿ ಮೂಡುತ್ತಿದ್ದರೂ ನನಗೆ ಹೊಳೆದಿರಲಿಲ್ಲ. ಮೊದಲು ನಗು ಬಂತು. ಆಮೇಲೆ, ಸುಳ್ಳೇಕೆ ಹೇಳಲಿ, ಬಹಳ ದುಃಖವಾಯಿತು. ಎಷ್ಟೋ ವರ್ಷ ನನ್ನನ್ನು ಮುಟ್ಟಿದ ಕೈ ಅದೊಂದೇ. ಇನ್ನು ನಾನು ಬಂದ ಸದ್ದಿಗೆ ಮಿಷನ್ನು ನಿಲ್ಲುವುದಿಲ್ಲ. ಅದರ ಜೊತೆಗೇ ಹೆದರಿಕೆಯೂ ಆಯಿತು, ಏಕೆಂದರೆ ಪೊಟ್ಟಣ ಜೇಬಿನಲ್ಲೇ ಇತ್ತು, ಅದನ್ನು ಹುಡುಕುವವರು ಈಗ ಯಾರೂ ಇರಲಿಲ್ಲ.

ಬಚ್ಚಲಿಗೆ ಹೋದೆ. ಪೊಟ್ಟಣ ಬಿಚ್ಚುವಾಗ ಬೆರಳು ಒಂದು ಗಳಿಗೆ ನಿಂತವು. ಎದುರಿಗೆ ಮೊಣಕಾಲು ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ನಾಣಿಯನ್ನು ನೆನೆದೆ, ಹುಣಸೆ ಮರದ ತೊಗಟೆಯನ್ನು ನೆನೆದೆ, ಅಕ್ಕ ನನ್ನ ತೋಳಿನ ಕೆಳಗೆ ನುಸುಳಿಹೋದದ್ದನ್ನು ನೆನೆದೆ. ಪುಡಿಯನ್ನು ಮೋರಿಗೆ ಸುರಿದು, ಒಂದು ಚೊಂಬು ನೀರು ಹೊಯ್ದೆ. ಸಾಲದೆಂದು ಹಂಡೆಯ ನೀರನ್ನೆಲ್ಲ ಹೊಯ್ದೆ. ಖಾಲಿ ಪ್ಲಾಸ್ಟಿಕ್ಕನ್ನು ಹಂಡೆಯ ಒಲೆಗೆ ಹಾಕಿ, ಕಡ್ಡಿ ಗೀರಿ, ಅದು ಮುದುಡಿ ಕರಗುವ ತನಕ ನೋಡಿದೆ.

ಹೊರಗೆ ಬಂದರೆ ಅಕ್ಕ ನಡುಮನೆಯಲ್ಲಿ ಮಣೆ ಹಾಸಿ ಕಾಯಿ ಜೋಡಿಸಿದ್ದಳು. ಇಷ್ಟು ಹೊತ್ತು ಯಾವ ನೀರಾಟ ಎಂದು ಬೈದಳು. ಅಂಗಿ ಬಿಚ್ಚಿ ಕೊಟ್ಟೆ. ಅವಳು ಜೇಬಿನೊಳಗೆ ಕೈ ಹಾಕಿ, ತೂತಿಗಾಗಿ ಮೂಲೆ ಮೂಲೆಯನ್ನು ಬೆರಳಿನಿಂದ ತಡವಿ, ಒಳಗು ಹೊರಗು ಮಾಡಿ ಬೆಳಕಿಗೆ ಹಿಡಿದು ನೋಡಿದಳು.

"ಎಲ್ಲೂ ಹರಿದೇ ಇಲ್ಲವಲ್ಲೋ. ಗಟ್ಟಿಯಾಗೇ ಇದೆ."

"ಹೌದಕ್ಕ. ಗಟ್ಟಿಯಾಗೇ ಇದೆ," ಎಂದೆ.

ಅವಳು ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಕವಡೆಯನ್ನು ನನ್ನ ಕೈಗೆ ಸುರಿದಳು. ಕೈ ನಡುಗಲಿಲ್ಲ. ಎಸೆದೆ, ನಾಲ್ಕೂ ಮಣೆಯ ಮೇಲೇ ಬಿದ್ದವು.